ಹಳೇ ಸ್ಟಾರ್ಟರ್ ಸೆಟ್, ಐದು ಜನ ದೋಸ್ತರು, ಅಜ್ಜಿಯ ನಾಲ್ಕು ಕವಡೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಹೊಸ ಡಬ್ಬಿ ರಿವ್ಯೂ ಅಲ್ಲ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ 2014 ರ ಸ್ಟಾರ್ಟರ್ ಸೆಟ್ ಇದು. ಬೆಂಗಳೂರಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಮನೆ ಖಾಲಿ ಮಾಡುವಾಗ "ನಿಂಗೆ ಬೇಕಾ, ಇಲ್ಲಾಂದ್ರೆ ರದ್ದಿಗೆ ಹಾಕ್ತೀನಿ" ಅಂದ, ನಾನು ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ದಾವಣಗೆರೆಗೆ ತಂದೆ. 2022 ರಲ್ಲಿ ಇದರ ಜಾಗಕ್ಕೆ ಬೇರೆ ಸೆಟ್ ಬಂದಿದೆ, ಆದ್ರೂ ಹಳೇದು ಸೆಕೆಂಡ್ ಹ್ಯಾಂಡಲ್ಲಿ ಸಿಕ್ರೆ ಬಿಡಬೇಡಿ ಅಂತಾನೇ ನಾನು ಹೇಳೋದು. ಆದ್ರೆ ಅದ್ರಲ್ಲಿ ಬರೆದಿದ್ದನ್ನ ಬರೆದ ಹಾಗೇ ಓದಿದ್ರೋ, ನಿಮ್ಮ ಭಾನುವಾರ ಹಾಳಾಯ್ತು ಅಂತ ತಿಳ್ಕೊಳ್ಳಿ.

ಆಟ ಗೊತ್ತಿಲ್ದೋರಿಗೆ ಸ್ವಲ್ಪ. ಒಬ್ಬ ಕತೆ ನಡೆಸ್ತಾನೆ, ಅವನು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ. ಉಳಿದೋರು ಒಂದೊಂದು ಪಾತ್ರ ತಗೊಂಡು ನಾನು ಹಿಂಗ್ ಮಾಡ್ತೀನಿ ಹಂಗ್ ಮಾಡ್ತೀನಿ ಅಂತ ಬಾಯಲ್ಲೇ ಹೇಳ್ತಾರೆ, ಆಗುತ್ತೋ ಇಲ್ವೋ ಅನ್ನೋ ಕಡೆ 20 ಮುಖದ ದಾಳ ಉರುಳಿಸ್ತಾರೆ. ಗೆದ್ದೋನು ಸೋತೋನು ಅಂತ ಇಲ್ಲ. 1974 ರಲ್ಲಿ ಅಮೆರಿಕಾದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ರು ಶುರು ಮಾಡಿದ್ದು. ಇದನ್ನೆಲ್ಲ ನಾನು ಮನೇಲಿ ವಿವರಿಸ್ತಾ ಇದ್ರೆ ನಮ್ಮಪ್ಪ ಪೇಪರಿಂದ ತಲೇನೂ ಎತ್ತದೇ "ಬಯಲಾಟ ಅಲ್ವೇನೋ ಇದು, ಬಣ್ಣ ಒಂದ್ ಹಚ್ಚಲ್ಲ ಅಷ್ಟೇ" ಅಂದ್ರು.

ಡಬ್ಬೀಲಿ ಇರೋದು 32 ಪುಟದ ರೂಲ್ಸ್ ಪುಸ್ತಕ, 64 ಪುಟದ ಕತೆ ಪುಸ್ತಕ, ರೆಡಿ ಮಾಡಿಟ್ಟ ಐದು ಪಾತ್ರದ ಹಾಳೆ, ಆರು ದಾಳ. ಇಬ್ಬರು ಯೋಧರು, ಒಬ್ಬ ಕುಳ್ಳ ಜಾತಿಯ ಪೂಜಾರಿ, ಒಬ್ಬ ಎಲ್ಫ್ ಮಾಂತ್ರಿಕ, ಒಬ್ಬ ಪುಟಾಣಿ ಕಳ್ಳ. ಈ ರೆಡಿ ಪಾತ್ರಗಳೇ ಡಬ್ಬಿಯ ದೊಡ್ಡ ಪ್ಲಸ್ಸು, ಹೊಸಬ್ರನ್ನ ಕೂರಿಸ್ಕೊಂಡು ಒಂದೊಂದು ಪಾತ್ರ ಕಟ್ಟೋಕೆ ಹೋಗಿದ್ರೆ ಮಧ್ಯಾಹ್ನದ ಊಟ ಅಲ್ಲೇ ಆಗ್ತಿತ್ತು. ಮೈನಸ್ಸು ಅಂದ್ರೆ ಆರು ದಾಳ ಅಂತ ಹೇಳಿದ್ನಲ್ಲ, ಅದು ಆರು ಥರದ್ದು ಒಂದೊಂದೇ, 20 ಮುಖದ್ದು ಇಡೀ ಮನೆಗೆ ಒಂದೇ. ಬೊಂಬೆಗಳಿಲ್ಲ. ನಕ್ಷೆ ಇದೆ ಆದ್ರೆ ಡಿಎಂ ಪುಸ್ತಕದಲ್ಲಿ ಗುಟ್ಟೆಲ್ಲ ಗುರುತು ಹಾಕಿ ಅಚ್ಚಾಗಿದೆ, ಆಡೋರಿಗೆ ತೋರ್ಸೋ ಹಂಗಿಲ್ಲ. ನಾನು ನೆಲದ ಮೇಲೇ ಚಾಕ್‌ಪೀಸಲ್ಲಿ ಚೌಕ ಬರೆದೆ, ನಮ್ಮದು ಹಳೇ ಮನೆ, ಕೆಂಪು ಗಾರೆ ನೆಲ, ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ ದುಡ್ಡು ಕೊಟ್ಟು ಮ್ಯಾಟ್ ತರ್ಸೋರನ್ನ ನೋಡಿದ್ರೆ ಈಗ ನಗು ಬರುತ್ತೆ. ಪಾತ್ರಗಳಿಗೆ ಬಾಟ್ಲಿ ಮುಚ್ಚಳ, ಶತ್ರುಗಳಿಗೆ ಹುಣಸೆ ಬೀಜ.

ಬಂದೋರು ಐದು ಜನ. ಎಪಿಎಂಸೀಲಿ ಮೆಕ್ಕೆಜೋಳ ವ್ಯಾಪಾರ ಮಾಡೋ ದೋಸ್ತ, ಚನ್ನಗಿರಿ ಕಡೆ ಅಡಿಕೆ ತೋಟ ಇರೋನು, ಹೈಸ್ಕೂಲ್ ಗಣಿತ ಮೇಷ್ಟ್ರು, ಚಿತ್ರದುರ್ಗದಿಂದ ಬೆಳಗಿನ ಬಸ್ಸಿಗೇ ಬಂದ ಗೆಳತಿ, ಆಮೇಲೆ ನನ್ನ ತಮ್ಮ. ಹತ್ತೂವರೆಗೆ ಶುರು ಮಾಡಿದ್ವಿ. ಕತೆ ಪುಸ್ತಕದಲ್ಲಿ ಅಲ್ಲಲ್ಲಿ ಚೌಕಟ್ಟು ಹಾಕಿ "ಇದನ್ನ ಗಟ್ಟಿಯಾಗಿ ಓದಿ" ಅಂತ ಇಂಗ್ಲಿಷಲ್ಲಿ ಕೊಟ್ಟಿರ್ತಾರೆ, ನಾನು ಗಂಟಲು ಸರಿ ಮಾಡ್ಕೊಂಡು ಓದಿದೆ. ಮೇಷ್ಟ್ರು ಹೂಂ ಹೂಂ ಅಂತಾರೆ, ಮೆಕ್ಕೆಜೋಳದೋನು ಫೋನ್ ತೆಗ್ದು ರೇಟು ನೋಡ್ತಾ ಇದಾನೆ, ಅಡಿಕೆಯೋನು ಕಿಟಕಿ ನೋಡ್ತಾ ಇದಾನೆ, ಈಗ ಏನ್ ಮಾಡ್ತೀರಿ ಅಂತ ನಾನು ಕೇಳಿದ್ರೆ ಐದೂ ಜನ ಶಾಲೇಲಿ ಪ್ರಶ್ನೆ ಕೇಳ್ದಂಗೆ ತಲೆ ತಗ್ಗಿಸಿದ್ರು. ಇಂಗ್ಲಿಷ್ ಬರಲ್ಲ ಅಂತಲ್ಲ, ಎಲ್ರಿಗೂ ಬರುತ್ತೆ, ಆದ್ರೆ ಇಂಗ್ಲಿಷಲ್ಲಿ ಕೇಳಿದ ಕೂಡ್ಲೇ ಸರಿ ಉತ್ತರ ಹೇಳ್ಬೇಕು ಅನ್ನೋ ಭಯ ಬಂದ್ಬಿಡುತ್ತೆ ನಮಗೆ, ಈ ಆಟದಲ್ಲಿ ಸರಿ ಉತ್ತರ ಅನ್ನೋದೇ ಇಲ್ವಲ್ಲ. ಇಂಟರ್ವ್ಯೂ ಥರ ಆಗೋಯ್ತು. ಒಂದು ಮುಕ್ಕಾಲು ಗಂಟೆ ಹಿಂಗೇ ಹೋಯ್ತು ಅಂದ್ರೆ ನಂಬಿ.

ಆಗ ಅಪ್ಪನ ಮಾತು ನೆನಪಾಯ್ತು. ಪುಸ್ತಕ ಮುಚ್ಚಿದೆ. ದೊಡ್ಡಾಟದಲ್ಲಿ ಸಾರಥಿ ಬರ್ತಾನಲ್ಲ, ಪಾತ್ರ ರಂಗಕ್ಕೆ ಬಂದ ಕೂಡ್ಲೇ ಯಾರು ತಾವು, ಯಾವ ಊರು, ಬಂದ ಕಾರಣ ಏನು ಅಂತ ಕೇಳ್ತಾನಲ್ಲ, ನಾನು ಹೆಗಲಿಗೆ ಟವೆಲ್ ಹಾಕ್ಕೊಂಡು ಎದ್ದು ನಿಂತು ಅದೇ ರಾಗದಲ್ಲಿ ಒಬ್ಬೊಬ್ರನ್ನೇ ಕೇಳಿದೆ. ಮೊದ್ಲು ಎಲ್ಲ ಬಿದ್ದು ಬಿದ್ದು ನಕ್ರು. ಆದ್ರೆ ಮೇಷ್ಟ್ರು, ಕ್ಲಾಸಲ್ಲಿ ಜೋರಾಗಿ ಉಸಿರೂ ಬಿಡದ ಮನುಷ್ಯ, ಮೀಸೆ ತಿರುವಿ "ನಾನು ಮಾಂತ್ರಿಕ, ಲೆಕ್ಕ ತಪ್ಪಿದ ಲೋಕವನ್ನು ಸರಿ ಮಾಡಲು ಬಂದಿದ್ದೇನೆ" ಅಂತ ಎದ್ದು ನಿಂತ್ರು ನೋಡಿ, ಅಲ್ಲಿಂದ ಆಟ ಹತ್ಕೊಳ್ತು.

ಪುಸ್ತಕದ ಕತೆ ಶುರುವಾಗೋದು ಸಾಮಾನು ತುಂಬಿದ ಎತ್ತಿನ ಗಾಡಿಯಿಂದ, ದಾರೀಲಿ ಎರಡು ಕುದುರೆ ಬಾಣ ಚುಚ್ಚಿಸ್ಕೊಂಡು ಸತ್ತು ಬಿದ್ದಿರ್ತಾವೆ, ಪೊದೆಯಲ್ಲಿ ನಾಲ್ಕು ಗಾಬ್ಲಿನ್, ಅಂದ್ರೆ ಕುಳ್ಳ ರಾಕ್ಷಸರು. ನಾನು ಅದನ್ನೇ "ದುರ್ಗದಿಂದ ಗಾಡಿ ಹೊಡ್ಕೊಂಡು ಬರ್ತಾ ಇದೀರಿ, ಹೊತ್ತು ಇಳೀತಾ ಐತೆ" ಅಂತ ಹೇಳಿದೆ ಅಷ್ಟೇ. ಮೆಕ್ಕೆಜೋಳದೋನು ಫೋನ್ ಕೆಳಗಿಟ್ಟು "ಗಾಡೀಲಿ ಏನ್ ಮಾಲೈತೆ, ಎಷ್ಟ್ ಚೀಲ, ಕಡಿಮೆ ಆದ್ರೆ ಯಾರ ಕೈಯಿಂದ ಕಟ್ಟೋದು?" ಅಂತ ಶುರು ಮಾಡ್ದ. ಅಡಿಕೆಯೋನು "ಲೇ ಮೊದ್ಲು ಎತ್ತು ಬಿಚ್ಚಲೇ, ರಕ್ತದ ವಾಸ್ನೆಗೆ ಬೆದರಿ ಗಾಡಿ ಮಗುಚ್ತಾವೆ" ಅಂದ. 64 ಪುಟದಲ್ಲಿ ಎತ್ತು ಬೆದರೋದ್ರ ಬಗ್ಗೆ ನನಗೆ ಒಂದು ಸಾಲೂ ಸಿಗ್ಲಿಲ್ಲ, ನಾನು ದಾಳ ಹಾಕ್ಸಿದೆ, 3 ಬಿತ್ತು, ಎತ್ತು ಓಡಿದ್ವು.

ಮುಂದೆ ಗಾಬ್ಲಿನ್‌ಗಳ ಗವಿ ಬರುತ್ತೆ (ನೀವೂ ಆಡೋರಿದ್ರೆ ಈ ಪ್ಯಾರಾ ಬಿಟ್ಟುಬಿಡಿ). ನಾನು ಅದನ್ನ ಚಂದ್ರವಳ್ಳಿಗೆ ತಂದೆ. ಅಂಕಲಿ ಮಠದ ಕೆಳಗಿನ ಕತ್ತಲು ಕೋಣೆಗಳಲ್ಲಿ ಟಾರ್ಚ್ ಹಿಡ್ಕೊಂಡು ಸ್ಕೂಲ್ ಟ್ರಿಪ್ಪಲ್ಲಿ ಎಲ್ರೂ ಇಳಿದಿದಾರೆ, ವರ್ಣನೆ ಮಾಡೋ ಕಷ್ಟಾನೇ ಇಲ್ಲ. ನನ್ನ ತಪ್ಪು ಅಂದ್ರೆ ಬಾಯಿ ತಪ್ಪಿ "ಒಬ್ರೇ ನುಸುಳೋ ಅಷ್ಟು ಕಿಂಡಿ" ಅಂದ್ಬಿಟ್ಟೆ. ಚಿತ್ರದುರ್ಗದೋರ ಮುಂದೆ ಕಿಂಡಿ ಅನ್ನಬಾರ್ದು ಸ್ವಾಮಿ! ಗೆಳತಿ ಪಾತ್ರದ ಹಾಳೇಲಿದ್ದ ಕತ್ತೀನ ಪೆನ್ನಲ್ಲಿ ಹೊಡೆದು ಹಾಕಿ ಒನಕೆ ಅಂತ ಬರ್ಕೊಂಡ್ಲು. ದೊಡ್ಡ ದೊಣ್ಣೆ ಏಟು ಎಷ್ಟು ಜೋರು ಅಂತ ನೋಡೋಕೆ ಈ ಆಟದಲ್ಲಿ 8 ಮುಖದ ದಾಳ, ಒನಕೆಗೂ ಅದೇ ಕೊಟ್ಟೆ. ಕಿಂಡಿ ಪಕ್ಕ ನಿಂತು ಒಂದೊಂದೇ ಗಾಬ್ಲಿನ್ ತಲೆ ಹೊರಗೆ ಬಂದಂಗೆ ಕುಟ್ಟಿದ್ಲು, ಒಂದು ಗಂಟೆ ನಡೀಬೇಕಾದ ಜಗಳ ಹದಿನೈದು ನಿಮಿಷಕ್ಕೆ ಮುಗೀತು.

ಈಗ ಕವಡೆ ವಿಷಯ. ಡಬ್ಬೀಲಿದ್ದ ಆರು ದಾಳದಲ್ಲಿ 4 ಮುಖದ್ದನ್ನ ಕಸಿನ್ ಎಲ್ಲೋ ಕಳ್ಕೊಂಡಿದ್ದ, ನಂಗೆ ಗೊತ್ತಾಗಿದ್ದು ಮೇಷ್ಟ್ರು ಮ್ಯಾಜಿಕ್ ಮಿಸೈಲ್ ಅನ್ನೋ ಮಂತ್ರ ಬಿಟ್ಟಾಗ. ಅದು ಮೂರು ಬಾಣ, ತಪ್ಪೋದೇ ಇಲ್ಲ, ಒಂದೊಂದಕ್ಕೂ 4 ಮುಖದ ದಾಳ ಹಾಕಿ ಒಂದು ಕೂಡಿಸಬೇಕು. ಬಾಗಿಲಲ್ಲಿ ಕೂತು ಅವರೆಕಾಯಿ ಸುಲೀತಿದ್ದ ಅಜ್ಜಿ "ನಾಕು ತಾನೆ ಬೇಕಿರೋದು" ಅಂತ ಚೌಕಾಬಾರದ ನಾಲ್ಕು ಕವಡೆ ತಂದು ತಾನೇ ಬಿಡ್ತು. ಎಲ್ಲಾ ಬೋರಲು. ಅಂದ್ರೆ ಎಂಟು! ಗಾಬ್ಲಿನ್ ಪ್ರಾಣ ಇರೋದೇ 7, ಒಂದೇ ಬಾಣಕ್ಕೆ ಖಲಾಸ್. ಅಜ್ಜಿ ಅಷ್ಟಕ್ಕೇ ಬಿಡ್ಲಿಲ್ಲ, ಎಂಟು ಬಿದ್ರೆ ಇನ್ನೊಂದು ಗರ ಸಿಗ್ಬೇಕು, ಅದು ಯಾವ ಊರ ಆಟ ಆದ್ರೂ ಅಷ್ಟೇ ಅಂತ ಜಗಳಕ್ಕೆ ನಿಂತ್ಕೊಳ್ತು. ಕೊಟ್ಟೆ.

ಇದು ಮೋಸ ಅಂತ ತಮ್ಮ ಎಗರಾಡಿದಾಗ ಮೇಷ್ಟ್ರು ಪಾತ್ರದ ಹಾಳೆ ಹಿಂದೇನೇ ಲೆಕ್ಕ ಹಾಕಿದ್ರು. ಕವಡೆ ಬೋರಲು ಅಂಗಾತ ಅರ್ಧಕ್ಕರ್ಧ ಅಂತ ಇಟ್ಕೊಂಡ್ರೆ 16 ಗರದಲ್ಲಿ ಎರಡು ಬೀಳೋದು 6 ಸಲ, ಒಂದು 4 ಸಲ, ಮೂರು 4 ಸಲ, ನಾಲ್ಕು ಒಂದು ಸಲ, ಎಂಟು ಒಂದು ಸಲ, ಎಲ್ಲ ಕೂಡಿದ್ರೆ 40, ಭಾಗಿಸಿದ್ರೆ ಸರಾಸರಿ 2.5. ನಾಲ್ಕು ಮುಖದ ದಾಳದ ಸರಾಸರೀನೂ 2.5. ಕರೆಕ್ಟಾಗಿ ಅಷ್ಟೇ! ಅಜ್ಜಿಯ ಎಕ್ಸ್‌ಟ್ರಾ ಗರ ಬಿಟ್ಟು ಅನ್ನಿ. ಇನ್ಮೇಲೆ ನಾನು ಆ ದಾಳ ತರ್ಸಲ್ಲ.

ಮನೇಲಿ ಮಾಡೋರಿಗೆ ಒಂದೆರಡು ಮಾತು. ಪಾತ್ರದ ಹಾಳೆ ಝೆರಾಕ್ಸ್ ಮಾಡಿಸ್ಕೊಂಡೇ ಆಡಿ, ನಾವು ಬೆಣ್ಣೆ ದೋಸೆ ಪಾರ್ಸಲ್ ಬಿಚ್ಚಿದ ಕೈಯಲ್ಲೇ ಹಾಳೆ ಮುಟ್ಟಿದ್ವಿ, ಪೂಜಾರಿಯ ಹಾಳೆ ಈಗ ಬೆಳಕಿಗೆ ಹಿಡಿದ್ರೆ ಆಚೆ ಕಡೆ ಕಾಣುತ್ತೆ. ಸಂಜೆ ಮಂಡಕ್ಕಿ ಮಿರ್ಚಿ ಟೈಮಲ್ಲಿ ಆಟ ನಿಲ್ಸಿ, 20 ಮುಖದ ದಾಳ ಮಂಡಕ್ಕಿ ರಾಶೀಲಿ ಬಿದ್ದು ಹುಡ್ಕೋಕೆ ಹತ್ತು ನಿಮಿಷ ಹೋಯ್ತು. ಸ್ಟೀಲ್ ತಟ್ಟೇಲಿ ದಾಳ ಹಾಕಿದ್ರೆ ಸದ್ದಿಗೆ ಪಕ್ಕದ ಮನೆಯೋರು ಇಣುಕ್ತಾರೆ, ಕೆಳಗೊಂದು ಟವೆಲ್ ಹಾಸಿ.

ದುಡ್ಡಿನ ವಿಷ್ಯಕ್ಕೆ ಬಂದ್ರೆ, ರೂಲ್ಸಿಗೋಸ್ಕರ ಯಾವ ಡಬ್ಬೀನೂ ತಗೊಳ್ಳೋದು ಬೇಡ. ಮೂಲ ನಿಯಮಗಳನ್ನ ಕಂಪ್ನಿಯೋರೇ 2023 ರ ಜನವರೀಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿ ಬಿಟ್ಟಿದಾರೆ, ಎಸ್‌ಆರ್‌ಡಿ 5.1 ಅಂತ ಹುಡುಕಿ, ಪುಕ್ಕಟೆ, ಮೂಲದ ಹೆಸ್ರು ಹಾಕಿದ್ರೆ ಕನ್ನಡಕ್ಕೆ ಮಾಡಿ ಹಂಚಬಹುದು ಕೂಡ. ಡಬ್ಬಿಗೆ ಕೊಡೋ ದುಡ್ಡು ಆ ಕತೆ ಪುಸ್ತಕಕ್ಕೆ ಮತ್ತು ಐದು ಹಾಳೆಗೆ, ಅಷ್ಟಕ್ಕೆ ಅದು ಬೆಲೆ ಬಾಳುತ್ತೆ. ಹಿಂದಿನ ರಾತ್ರಿ ಎರಡು ಗಂಟೆ ಕೂತು ಕತೆ ಓದಿ, ನಮ್ಮ ಊರಿನ ಹೆಸರು ಹಾಕ್ಕೊಂಡು, ಬೆಳಿಗ್ಗೆ ಪುಸ್ತಕ ಮುಚ್ಚಿಟ್ಟು ಹೇಳೋರಿಗೆ ಐದಕ್ಕೆ ನಾಲ್ಕೂವರೆ. ತೆರೆದು ಓದೋರಿಗೆ ಎರಡು.

ಆರೂವರೆಗೆ ಮುಗಿಸಿದಾಗ ಬರೀ ಒಂದು ಗವಿ ಆಗಿತ್ತು. ಮುಂದಿನ ತಿಂಗಳು ಮತ್ತೆ ಸೇರೋಣ ಅಂತ ಆಗಿದೆ, ಅಡಿಕೆಯೋನು ತಪ್ಪಿಸ್ಕೊಂಡ ಎತ್ತು ಹುಡುಕೋದೇ ಮೊದಲ ಕೆಲಸ ಅಂತ ಹಟ ಹಿಡಿದಿದಾನೆ. ನನಗಿರೋ ತಲೆನೋವು ಬೇರೆ, ಅಜ್ಜಿ ತನಗೂ ಒಂದು ಪಾತ್ರ ಬೇಕು ಅಂತ ಕೂತಿದೆ, ಡಬ್ಬೀಲಿರೋದು ಐದೇ, ಹೊಸ ಪಾತ್ರ ಕಟ್ಟೋದು ಹೆಂಗೆ ಅಂತ ಆ 32 ಪುಟದಲ್ಲಿ ಹೇಳೇ ಇಲ್ಲ. ಹಂಗಾಗಿ ಎಸ್‌ಆರ್‌ಡಿ ಡೌನ್‌ಲೋಡ್ ಮಾಡ್ಕೊಂಡು ರಾತ್ರಿ ಹೊತ್ತು ನೋಟ್‌ಬುಕ್ಕಲ್ಲಿ ಬರೀತಾ ಇದೀನಿ. ವಯಸ್ಸು ಎಷ್ಟು ಹಾಕ್ಲಿ ಅಂತ ಕೇಳಿದ್ದಕ್ಕೆ ಹದಿನೆಂಟು ಹಾಕು ಅಂತು.