ಗುಂಡಿ, ಡ್ರಮ್, ಮುಚ್ಚಿದ ಡಬ್ಬಿ: ಬಯೋಚಾರ್ ಮೂರು ಥರ ಮಾಡಿ, ನಾಲ್ಕು ಥರ ಚಾರ್ಜ್ ಮಾಡಿ ನೋಡಿದೆ

ಬಯೋಚಾರ್ ಅಂದರೆ ಮಣ್ಣು ಸುಧಾರಿಸಲು ಬಳಸುವ ಇದ್ದಿಲು. ಇದ್ದಿಲನ್ನು ಪುಡಿ ಮಾಡಿ ಮಣ್ಣಿಗೆ ಬೆರೆಸಿದರೆ ಬಯೋಚಾರ್ ಆಯ್ತು ಅಂತ ನಾನು ನಂಬಿದ್ದೆ. ಮೊದಲ ಸಲ ಹಾಗೇ ಮಾಡಿದೆ. ಹತ್ತು ದಿನದೊಳಗೆ ಟೊಮೆಟೊ ಸಸಿಗಳ ಕೆಳಗಿನ ಎಲೆ ಹಳದಿ ತಿರುಗಿತು, ಬೆಳವಣಿಗೆ ನಿಂತೇ ಹೋಯಿತು. ಇದ್ದಿಲೇನೂ ಕೆಟ್ಟದ್ದಲ್ಲ. ಹೊಸ ಇದ್ದಿಲಿನ ತುಂಬಾ ಖಾಲಿ ರಂಧ್ರಗಳು. ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ಮೊದಲು ಅದೇ ಹೀರಿ ಹಿಡಿದುಕೊಳ್ಳುತ್ತದೆ. ಅದಕ್ಕೇ ಮಣ್ಣಿಗೆ ಸೇರಿಸುವ ಮುಂಚೆ ಅದರ ಹೊಟ್ಟೆ ತುಂಬಿಸಬೇಕು. ಇದನ್ನೇ ಚಾರ್ಜ್ ಮಾಡುವುದು ಅನ್ನುತ್ತಾರೆ.

ಆಮೇಲೆ ಎರಡು ಹಂಗಾಮು ಇದರ ಹಿಂದೆಯೇ ಬಿದ್ದೆ. ಸುಡುವ ಮೂರೂ ವಿಧಾನಕ್ಕೆ ಒಂದೇ ರಾಶಿಯ ಸೌದೆ: ಸವರಿ ಒಣಗಿಸಿದ ಕೊಂಬೆ, ಪುಳ್ಳೆ, ಜೋಳದ ದಿಂಡು. ಬಣ್ಣ ಹಚ್ಚಿದ ಹಲಗೆ, ಗೆದ್ದಲಿನ ಔಷಧಿ ಹಾಕಿದ ಮರ, ಪ್ಲೈವುಡ್ ಇವನ್ನು ಮುಟ್ಟಲೇ ಇಲ್ಲ. ಅದರಲ್ಲಿರುವ ವಿಷ ಸುಟ್ಟರೂ ಹೋಗುವುದಿಲ್ಲ, ನೇರ ಮಣ್ಣಿಗೆ ಬರುತ್ತದೆ.

ಮೊದಲು ಗುಂಡಿ. ಮೇಲೆ ಮೂರು ಅಡಿ ಅಗಲ, ಕೆಳಗೆ ಕಿರಿದಾಗುತ್ತಾ ಎರಡು ಅಡಿ ಆಳ. ತಳದಲ್ಲಿ ಸ್ವಲ್ಪ ಪುಳ್ಳೆ ಜೋಡಿಸಿ ಮೇಲಿನಿಂದ ಬೆಂಕಿ ಹಚ್ಚಿದೆ. ಇಲ್ಲಿ ಕೆಲಸ ಎಲ್ಲ ಕಣ್ಣಿನದು. ಕೆಂಡದ ಮೇಲೆ ತೆಳ್ಳಗೆ ಬಿಳಿ ಬೂದಿಯ ಪೊರೆ ಕಟ್ಟುವುದಕ್ಕೆ ಶುರುವಾದ ಕೂಡಲೇ ಇನ್ನೊಂದು ಪದರ ಸೌದೆ ಹಾಕಬೇಕು. ತಡ ಮಾಡಿದರೆ ಇದ್ದಿಲು ಬೂದಿಯಾಗುತ್ತದೆ. ಅವಸರ ಮಾಡಿದರೆ ಜ್ವಾಲೆ ಉಸಿರುಕಟ್ಟಿ ಹೊಗೆ ಎದ್ದೇಳುತ್ತದೆ. ಸರಿಯಾಗಿ ಹಾಕುತ್ತಾ ಹೋದರೆ ಮೇಲಿನ ಜ್ವಾಲೆಯೇ ಮುಚ್ಚಳದ ಕೆಲಸ ಮಾಡುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಎಲ್ಲ ಜ್ವಾಲೆಗೇ ಖರ್ಚಾಗಿ, ಕೆಳಗಿನ ಕೆಂಡಕ್ಕೆ ತಲುಪುವುದಿಲ್ಲ. ಎರಡೂವರೆ ಗಂಟೆಯಲ್ಲಿ ಗುಂಡಿ ತುಂಬಿತು. ಬಕೆಟ್‌ಗಟ್ಟಲೆ ನೀರು ಸುರಿದು ಆರಿಸಿದೆ. ಮೇಲೆ ತಣ್ಣಗಾದರೂ ಅಡಿಯಲ್ಲಿ ಕೆಂಡ ಉಳಿದಿರುತ್ತದೆ. ಸಲಿಕೆಯಿಂದ ಮಗುಚಿ ಮತ್ತೆ ನೀರು ಹಾಕಲೇಬೇಕು. ಒಂದು ಸಲ ಮಗುಚದೆ ಬಿಟ್ಟು, ಬೆಳಿಗ್ಗೆ ಬಂದು ನೋಡಿದರೆ ಅರ್ಧ ಗುಂಡಿ ಬೂದಿ.

ಎರಡನೆಯದು ಡ್ರಮ್. ತಳಕ್ಕೆ ತೂತು ಹೊಡೆದ ತಗಡಿನ ಡ್ರಮ್‌ನಲ್ಲಿ ಸೌದೆ ತುಂಬಿ, ಮೇಲಿನಿಂದ ಹಚ್ಚಿ, ಮೇಲೊಂದು ಹೊಗೆಕೊಳವೆ ಕೂರಿಸುವುದು. ಬೆಂಕಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಗಾಳಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಒಮ್ಮೆ ಹತ್ತಿಕೊಂಡರೆ ಹೊಗೆ ಇಲ್ಲವೇ ಇಲ್ಲ ಅನ್ನಬಹುದು. ಅಕ್ಕಪಕ್ಕ ಮನೆಗಳಿದ್ದರೆ ಇದೇ ಒಳ್ಳೆಯದು. ಆದರೆ ಸೌದೆ ಎಲ್ಲ ಒಂದೇ ಗಾತ್ರಕ್ಕೆ ಕತ್ತರಿಸಬೇಕು. ದಪ್ಪ ಕೊಂಬೆ ಇದ್ದರೆ ಒಳಗೆ ಹಸಿಯಾಗೇ ಉಳಿಯುತ್ತದೆ. ಕಿತ್ತಳೆ ಬಣ್ಣದ ಜ್ವಾಲೆ ಕುಗ್ಗಿ ನೀಲಿಗೆ ತಿರುಗಿತು ಅಂದರೆ ಸೌದೆಯ ಅನಿಲ ಮುಗಿದು ಇದ್ದಿಲೇ ಉರಿಯುತ್ತಿದೆ ಅಂತ ಅರ್ಥ. ಆಗ ಒಂದು ನಿಮಿಷವೂ ಕಾಯದೆ ನೀರು ಹಾಕಬೇಕು. ನಾನು ಎರಡು ಸಲ ತಡ ಮಾಡಿ ಅರ್ಧಕ್ಕರ್ಧ ಕಳೆದುಕೊಂಡೆ.

ಮೂರನೆಯದು ಮುಚ್ಚಿದ ಡಬ್ಬಿ. ಬಿಗಿ ಮುಚ್ಚಳದ ತಗಡಿನ ಡಬ್ಬಿಗೆ ಒಂದು ಸಣ್ಣ ತೂತು ಇಟ್ಟು, ಸೌದೆ ತುಂಬಿ ಬೇರೆ ಬೆಂಕಿಯ ನಡುವೆ ಇಡುವುದು. ತೂತಿನಿಂದ ಹೊರಬರುವ ಅನಿಲ ಉದ್ದನೆಯ ನಾಲಿಗೆಯ ಹಾಗೆ ಉರಿಯುತ್ತದೆ. ಅದು ಆರಿದರೆ ಕೆಲಸ ಮುಗಿಯಿತು. ಇದ್ದಿಲು ಮಾತ್ರ ಚೆಂದ. ಬೂದಿ ಇಲ್ಲ, ದಿಂಡು ದಿಂಡಿನ ಆಕಾರದಲ್ಲೇ ಕಪ್ಪಗೆ ಹೊಳೆಯುತ್ತದೆ. ಆದರೆ ಒಂದು ಡಬ್ಬಿಗೆ ಹೊರಗಡೆ ಉರಿಸಿದ ಸೌದೆಯ ಲೆಕ್ಕ ನೋಡಿದರೆ ಬೇಜಾರಾಗುತ್ತದೆ. ಪೂರ್ತಿ ತಣ್ಣಗಾಗುವ ಮುಂಚೆ ಮುಚ್ಚಳ ತೆಗೆದರೆ ಗಾಳಿ ತಾಗಿ ಮತ್ತೆ ಹತ್ತಿಕೊಳ್ಳುತ್ತದೆ. ಕೈತೋಟದ ನಾಲ್ಕು ಕುಂಡಕ್ಕೆ ಸಾಕು, ಅದಕ್ಕಿಂತ ಜಾಸ್ತಿಗೆ ಇದು ಆಗುವ ಕೆಲಸ ಅಲ್ಲ. ಮೂರನ್ನೂ ಮಾಡಬೇಕಾದ್ದು ಬಯಲಿನಲ್ಲೇ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಇದ್ದಿಲು ಸರಿಯಾಗಿ ಬೆಂದಿದೆಯಾ ಅಂತ ನೋಡಲು ನಾನು ಮಾಡುವುದು ಎರಡೇ. ಒಣಗಿದ ಒಂದು ತುಂಡನ್ನು ಕಲ್ಲಿನ ಮೇಲೆ ಬೀಳಿಸಿದರೆ ಗಾಜಿನ ಹಾಗೆ ಠಣ್ ಅನ್ನಬೇಕು. ಆಮೇಲೆ ಅಂಗೈಯಲ್ಲಿ ಉಜ್ಜಿ ಬರೀ ನೀರಿನಲ್ಲಿ ತೊಳೆಯಬೇಕು. ಮಸಿ ಬಿಟ್ಟುಹೋದರೆ ಸರಿ. ಜಿಡ್ಡು ಉಳಿದು ಸೋಪೇ ಬೇಕಾದರೆ ಒಳಗೆ ಟಾರು ಉಳಿದಿದೆ. ಗುಂಡಿಯದ್ದೂ ಡಬ್ಬಿಯದ್ದೂ ಎರಡರಲ್ಲೂ ಪಾಸಾದವು. ಡ್ರಮ್‌ನದರಲ್ಲಿ ದಪ್ಪ ತುಂಡುಗಳು ಫೇಲ್.

ಸುಡುವುದರಲ್ಲಿ ನನ್ನ ಓಟು ಗುಂಡಿಗೆ. ಖರ್ಚಿಲ್ಲ, ಕತ್ತರಿಸುವ ಕೆಲಸ ಕಡಿಮೆ, ಒಂದು ಮಧ್ಯಾಹ್ನದಲ್ಲಿ ಚೀಲಗಟ್ಟಲೆ ಸಿಗುತ್ತದೆ.

ಪುಡಿ ಮಾಡುವಾಗ ಇದ್ದಿಲು ಒದ್ದೆಯಾಗಿರಲಿ. ಒಣ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಗೋಣಿಚೀಲದಲ್ಲಿ ಹಾಕಿ ಮೇಲಿಂದ ಜಜ್ಜಿದೆ, 5 ಮಿಲಿಮೀಟರ್‌ಗಿಂತ ಸಣ್ಣದಾದರೆ ಸಾಕು.

ಇನ್ನು ಚಾರ್ಜ್ ಮಾಡುವುದು. ನಿಜವಾದ ವ್ಯತ್ಯಾಸ ಕಂಡಿದ್ದು ಇಲ್ಲೇ. ಅಮೆಜಾನ್ ಕಾಡಿನ ಟೆರ್ರಾ ಪ್ರೇಟಾ ಅನ್ನುವ ಕಪ್ಪು ಮಣ್ಣಿನ ಬಗ್ಗೆ ಎಲ್ಲರೂ ಹೇಳುತ್ತಾರಲ್ವಾ? ಅಲ್ಲಿನ ಹಳೆಯ ಜನ ಬರೀ ಇದ್ದಿಲು ಹಾಕಿರಲಿಲ್ಲ. ಅಡುಗೆಯ ಕಸ, ಮೂಳೆ, ಮಲ, ಒಡೆದ ಮಡಕೆ ಚೂರು ಎಲ್ಲ ಅದರ ಜೊತೆ ಸೇರಿತ್ತು. ನೂರಾರು ವರ್ಷ ಕಳೆದರೂ ಆ ಮಣ್ಣು ಫಲವತ್ತಾಗಿದೆ.

ಒಂದೇ ಗುಂಡಿಯ ಇದ್ದಿಲನ್ನು ನಾಲ್ಕು ಪಾಲು ಮಾಡಿದೆ. ಒಂದು ಪಾಲು ಹೊಸ ಕಾಂಪೋಸ್ಟ್ ರಾಶಿಗೆ, ಹತ್ತರಲ್ಲಿ ಒಂದು ಭಾಗದಂತೆ. ಒಂದು ಪಾಲು ತಯಾರಾದ ಎರೆಗೊಬ್ಬರದ ಜೊತೆ ಅರ್ಧಕ್ಕರ್ಧ ಬೆರೆಸಿ, ಮೂರು ವಾರ ತೇವದಲ್ಲಿ. ಒಂದು ಪಾಲು ಮೂತ್ರದಲ್ಲಿ ನೆನೆಸಿ. ಇನ್ನೊಂದು, ಬೆಲ್ಲ ಹಾಕಿ ಗಾಳಿಯಾಡಿಸಿದ ಕಾಂಪೋಸ್ಟ್ ಟೀಯಲ್ಲಿ, ಅಂದರೆ ಕಾಂಪೋಸ್ಟ್ ನೆನೆಸಿ ತೆಗೆದ ನೀರಿನಲ್ಲಿ, ಒಂದು ದಿನ. ಹೋಲಿಸಲಿಕ್ಕೆ ಇದ್ದಿಲೇ ಇಲ್ಲದ ಕುಂಡಗಳೂ ಇದ್ದವು. ಪ್ರತಿ ಗುಂಪಿಗೆ ಐದು ಮೆಣಸಿನಕಾಯಿ ಗಿಡ. ಇದ್ದಿಲು ಸೇರಿದ ಕುಂಡಗಳಲ್ಲಿ ಅದರ ಪಾಲು ಮಣ್ಣಿನ ಹತ್ತನೇ ಒಂದು ಭಾಗ.

ಕಾಂಪೋಸ್ಟ್ ಟೀ ನಿರಾಸೆ ಮಾಡಿತು. ಮೊದಲ ಎರಡು ವಾರ ಚೆನ್ನಾಗಿ ಕಂಡಿತು, ಆಮೇಲೆ ಇದ್ದಿಲಿಲ್ಲದ ಕುಂಡಕ್ಕಿಂತಲೂ ಹಿಂದೆ ಬಿತ್ತು. ಟೀಯಲ್ಲಿ ಜೀವಾಣು ಇದ್ದರೂ ಪೋಷಕಾಂಶ ತೀರಾ ಕಡಿಮೆ. ಖಾಲಿ ರಂಧ್ರ ತುಂಬಲು ಅಷ್ಟು ಸಾಲದು.

ಮೂತ್ರದ್ದು ಬೇರೆಯೇ ಕಥೆ. ಇದ್ದಿಲನ್ನು ಒಳಗೆ ಹಾಕುತ್ತಿದ್ದ ಹಾಗೆ ಬಕೆಟ್ಟಿನ ಘಾಟು ವಾಸನೆ ಇಳಿಯುತ್ತಾ ಹೋಯಿತು. ಮರುದಿನ ಮೂಗು ಹತ್ತಿರ ಒಯ್ದರೂ ಅಷ್ಟಾಗಿ ಬರಲಿಲ್ಲ. ಅಮೋನಿಯಾ ಇದ್ದಿಲಿಗೆ ಅಂಟಿಕೊಂಡಿತ್ತು. ಎಲ್ಲಕ್ಕಿಂತ ಬೇಗ ಕಡು ಹಸಿರಾದ ಗಿಡಗಳು ಇವೇ. ಆದರೆ ನೀರು ಬೆರೆಸದೆ ನೆನೆಸಿದ್ದೆ. ಎರಡು ಗಿಡಗಳ ಎಲೆ ಅಂಚು ಉಪ್ಪಿನಿಂದ ಸುಟ್ಟ ಹಾಗಾಯಿತು. ಎಲೆ ಜಾಸ್ತಿ, ಹೂವು ತಡ. ಈಗ ಮಾಡುವುದಾದರೆ ಮೂರು ಪಾಲು ನೀರು ಬೆರೆಸುತ್ತೇನೆ. ನೆನೆಸಿದ ಮೇಲೆ ಒಂದು ತಿಂಗಳು ಎಲೆಗೊಬ್ಬರದ ಜೊತೆ ಕೂರಿಸುತ್ತೇನೆ.

ಎರೆಗೊಬ್ಬರದ್ದು ನಿಧಾನ, ನೆಮ್ಮದಿ. ಸುಟ್ಟಿದ್ದೂ ಇಲ್ಲ, ಹಳದಿಯೂ ಇಲ್ಲ. ಅವಸರ ಇರುವವರಿಗೆ ನಾನು ಹೇಳುವುದು ಇದನ್ನೇ.

ಕಾಂಪೋಸ್ಟ್ ರಾಶಿಯಲ್ಲಿ ಬೆಂದ ಇದ್ದಿಲಿಗೆ ಮೂರು ತಿಂಗಳು ಹಿಡಿಯಿತು. ಆದರೆ ಅದರ ಮುಂದೆ ಉಳಿದವು ನಿಲ್ಲಲಿಲ್ಲ. ರಾಶಿಯಿಂದ ತೆಗೆದಾಗ ಚೂರುಗಳು ಹೊಳಪು ಕಳೆದುಕೊಂಡು, ಮುಟ್ಟಿದರೆ ತಣ್ಣಗೆ, ಮಣ್ಣಿನ ವಾಸನೆ ಹೊಡೆಯುತ್ತಿದ್ದವು. ಕಾಂಪೋಸ್ಟ್ ಕೊಳೆಯುವಾಗ ಇದ್ದಿಲಿನ ಮೈಮೇಲೆ, ರಂಧ್ರದ ಒಳಗೆ ಸಾವಯವ ಪದಾರ್ಥದ ತೆಳು ಪದರ ಕೂರುತ್ತದೆ. ಪೋಷಕಾಂಶ ಹಿಡಿದಿಡುವುದು ಆ ಪದರವೇ ಅಂತ 2017ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿದೆ. ಒಂದು ದಿನ ನೆನೆಸಿ ಆ ಪದರ ಬರಿಸಲಾಗುವುದಿಲ್ಲ. ಹಂಗಾಮು ಮುಗಿದ ಮೇಲೆ ಕುಂಡ ಬೋರಲು ಹಾಕಿ ಮಣ್ಣು ಕೊಡವಿದೆ. ಬಿಳಿ ನಾರುಬೇರುಗಳು ಇದ್ದಿಲಿನ ಚೂರುಗಳನ್ನು ಬಿಗಿಯಾಗಿ ಸುತ್ತಿಕೊಂಡಿದ್ದವು. ಒಂದು ಚೂರು ಮುರಿದು ನೋಡಿದರೆ ಬೇರು ಬಿರುಕಿನ ಒಳಕ್ಕೇ ನುಗ್ಗಿತ್ತು. ಟೀ ಕುಂಡದಲ್ಲಿ ಬೇರು ಚೂರುಗಳ ಪಕ್ಕದಿಂದ ಹಾದು ಹೋಗಿತ್ತು ಅಷ್ಟೇ. ನೀರೂ ಕಾಂಪೋಸ್ಟ್ ಕುಂಡಗಳಿಗೆ ಕಡಿಮೆ ಸಾಕಾಯಿತು. ಬೇರೆಯವು ಸಂಜೆಗೆ ಬಾಡಿದರೆ ಇವು ಮರುದಿನದವರೆಗೆ ತಡೆಯುತ್ತಿದ್ದವು.

ಎರಡನೇ ಹಂಗಾಮಿಗೆ ಅದೇ ಕುಂಡಗಳಿಗೆ ಹೊಸ ಇದ್ದಿಲು ಹಾಕಲಿಲ್ಲ, ಒಂದೊಂದು ಹಿಡಿ ಗೊಬ್ಬರ ಮಾತ್ರ. ಇದ್ದಿಲು ಸುಲಭಕ್ಕೆ ಕೊಳೆಯುವುದಿಲ್ಲ, ಪ್ರತಿ ಸಲ ಸೇರಿಸುತ್ತಾ ಹೋದರೆ ಕುಂಡದಲ್ಲಿ ಅದೇ ಜಾಸ್ತಿಯಾಗುತ್ತದೆ. ಆಗ ಟೀ ಕುಂಡಗಳೂ ಸುಧಾರಿಸಿದವು. ತಡವಾಗಿಯಾದರೂ ಮಣ್ಣಿನಲ್ಲೇ ಚಾರ್ಜ್ ಆಗಿದ್ದವು.

ಇನ್ನೊಂದು ವಿಷಯ. ಬೂದಿ ಸೇರಿದ ಗುಂಡಿಯ ಇದ್ದಿಲು ಕ್ಷಾರೀಯ. ನನ್ನ ಪಿಎಚ್ ಪಟ್ಟಿಯಲ್ಲಿ 9ರ ಹತ್ತಿರ ತೋರಿಸಿತು. ಹುಳಿ ಮಣ್ಣಿಗೆ ಇದು ಲಾಭವೇ, ಸುಣ್ಣದ ಕೆಲಸವನ್ನೂ ಮಾಡುತ್ತದೆ. ನಿಮ್ಮ ಮಣ್ಣು ಮೊದಲೇ ಕ್ಷಾರೀಯವಾಗಿದ್ದರೆ, ಅಥವಾ ಬ್ಲೂಬೆರಿ, ಅಜೇಲಿಯಾದಂಥ ಹುಳಿ ಮಣ್ಣು ಬೇಡುವ ಗಿಡ ಬೆಳೆಸುತ್ತಿದ್ದರೆ ಗುಂಡಿಯದ್ದು ಬೇಡ. ಡಬ್ಬಿಯದ್ದನ್ನು ಎರಡು ಸಲ ನೀರಿನಲ್ಲಿ ತೊಳೆದು, ಇಪ್ಪತ್ತರಲ್ಲಿ ಒಂದು ಭಾಗ ಬೆರೆಸಿ, ಒಂದೇ ಒಂದು ಕುಂಡದಲ್ಲಿ ಮೊದಲು ನೋಡಿ.