ಲಗ್ನಪತ್ರಿಕೆ ಅಂತ ಬರುವ ಫೈಲ್ ಒತ್ತಬೇಡಿ: ಹೊಸದಾಗಿ ವಾಟ್ಸಾಪ್ ಹಿಡಿದ ಹಿರಿಯರಿಗೂ ಅವರ ಮಕ್ಕಳಿಗೂ

ತಿಪಟೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಖಾತೆಯಿಂದ ಒಂದೇ ರಾತ್ರಿ 1,46,000 ರೂಪಾಯಿ ಹೋಗಿದೆ. ಬಹುಪಾಲು ಕೊಬ್ಬರಿ ಮಾರಿದ ದುಡ್ಡು. ಅವರು ಯಾರಿಗೂ ಓಟಿಪಿ ಹೇಳಿಲ್ಲ, ಗುರುತಿಲ್ಲದ ಕರೆ ಎತ್ತಿಲ್ಲ. ನಿವೃತ್ತ ಶಿಕ್ಷಕರ ಗ್ರೂಪಿಗೆ, ಜೊತೆಯಲ್ಲೇ ಕೆಲಸ ಮಾಡಿದ್ದ ಇನ್ನೊಬ್ಬ ಮೇಷ್ಟ್ರ ನಂಬರಿನಿಂದ, "ಮದುವೆ ಆಮಂತ್ರಣ, ತಪ್ಪದೆ ಬನ್ನಿ" ಅಂತ ಒಂದು ಫೈಲ್ ಬಂತು. ಯಾರ ಮನೆ ಮದುವೆ ನೋಡೋಣ ಅಂತ ಒತ್ತಿದರು, ಅಷ್ಟೇ.

"ಗೊತ್ತಿಲ್ಲದವರ ಮೆಸೇಜ್ ತೆರೀಬೇಡಿ" ಅಂತ ಮಕ್ಕಳು ಅಪ್ಪ ಅಮ್ಮನಿಗೆ ಹೇಳಿಕೊಟ್ಟಿರುತ್ತಾರೆ. ಈ ಮೋಸ ನಡೆಯುವುದೇ ಗೊತ್ತಿರುವವರ ನಂಬರಿನಿಂದ. ಮೊದಲು ಬಲಿಯಾದವರ ಫೋನಿನ ಎಸ್‌ಎಂಎಸ್ ಕಳ್ಳರಿಗೆ ಕಾಣತೊಡಗುತ್ತದೆ. ವಾಟ್ಸಾಪಿನ 6 ಅಂಕಿಯ ಕೋಡ್ ಎಸ್‌ಎಂಎಸ್‌ನಲ್ಲೇ ಬರುವುದರಿಂದ ಅವರ ವಾಟ್ಸಾಪನ್ನು ತಮ್ಮ ಫೋನಿನಲ್ಲಿ ತೆರೆದುಕೊಂಡು, ಅವರಿದ್ದ ಗ್ರೂಪುಗಳಿಗೆಲ್ಲ ಅದೇ ಪತ್ರಿಕೆ ಹಂಚುತ್ತಾರೆ. ಹೆಸರೂ ಅವರದೇ, ಫೋಟೋನೂ ಅವರದೇ. ನಂಬದೆ ಏನು ಮಾಡುತ್ತಾರೆ?

ಹಾಗಾಗಿ ಕಳಿಸಿದವರನ್ನಲ್ಲ, ಬಂದ ವಸ್ತುವನ್ನು ನೋಡುವ ಅಭ್ಯಾಸ ಬೇಕು. ನಿಜವಾದ ಲಗ್ನಪತ್ರಿಕೆ ಫೋಟೋ, ವಿಡಿಯೋ ಇಲ್ಲವೇ ಪಿಡಿಎಫ್ ಆಗಿ ಬರುತ್ತದೆ. ಫೋಟೋ ಆದರೆ ಗಣಪತಿ ಚಿತ್ರ, ಹುಡುಗ ಹುಡುಗಿ ಹೆಸರು ಅಲ್ಲೇ ಕಾಣುತ್ತದೆ. ಮೋಸದ ಫೈಲಿನಲ್ಲಿ ಬರೀ ಕಾಗದದ ಗುರುತು, ಪಕ್ಕದಲ್ಲಿ ಹೆಸರು, ಹೆಸರಿನ ಬಾಲದಲ್ಲಿ ಚುಕ್ಕಿ ಇಟ್ಟು ಎ ಪಿ ಕೆ ಅನ್ನುವ ಮೂರು ಇಂಗ್ಲಿಷ್ ಅಕ್ಷರ. ಈ ಮೂರು ಅಕ್ಷರ ಇದ್ದರೆ ಅದು ಪತ್ರಿಕೆ ಅಲ್ಲ, ಫೋನಿನೊಳಗೆ ಕೂರುವ ಆ್ಯಪ್. ಟ್ರಾಫಿಕ್ ದಂಡ, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಹೆಸರಲ್ಲೂ ಇದೇ ಬರುತ್ತದೆ. ಇಂಗ್ಲಿಷ್ ಓದಲು ಬಾರದವರಿಗೆ ಆ ಮೂರು ಅಕ್ಷರವನ್ನು ದಪ್ಪಗೆ ಬರೆದು ಫೋನಿನ ಕವರಿನ ಹಿಂದೆ ಅಂಟಿಸಿ ಕೊಡಿ.

ಒತ್ತಿದ ಕೂಡಲೇ ಅನಾಹುತ ಆಗುವುದಿಲ್ಲ. ಆಂಡ್ರಾಯ್ಡ್ ತಡೆದು ಕೇಳುತ್ತದೆ. ಮೊದಲು, ಈ ಕಡೆಯಿಂದ ಬಂದ ಆ್ಯಪ್ ಹಾಕಲು ಅನುಮತಿ ಇಲ್ಲ ಅಂತ ಹೇಳಿ ಸೆಟ್ಟಿಂಗ್ಸ್‌ಗೆ ಕರೆದೊಯ್ಯುತ್ತದೆ. ಎಷ್ಟೋ ಸಲ ಫೋನಿನಲ್ಲೇ ಇರುವ ಗೂಗಲ್‌ನ ಕಾವಲು, ಪ್ಲೇ ಪ್ರೊಟೆಕ್ಟ್, ಕೂಡ ಅಪಾಯ ಅಂತ ತೋರಿಸುತ್ತದೆ. ಆಮೇಲೆ ಆ ಆ್ಯಪ್ಪೇ ಎಸ್‌ಎಂಎಸ್, ಕಾಂಟ್ಯಾಕ್ಟ್ಸ್, ಫೋಟೋ ನೋಡಲು 'ಅಲೋ' ಕೇಳುತ್ತದೆ. ಎಲ್ಲ ಇಂಗ್ಲಿಷಿನಲ್ಲೇ ಇದ್ದರೆ ಹಿರಿಯರು ನೀಲಿ ಅಕ್ಷರ ಕಂಡಲ್ಲೆಲ್ಲ ಒತ್ತುತ್ತಾ ಹೋಗುತ್ತಾರೆ. ಫೋನಿನ ಭಾಷೆ ಕನ್ನಡಕ್ಕೆ ಬದಲಿಸಿ ಕೊಡುವುದು ಶೋಕಿಯಲ್ಲ, ಇದಕ್ಕೇ ಬೇಕು. ಎಸ್‌ಎಂಎಸ್ ಅನುಮತಿ ಸಿಕ್ಕಿತೋ, ಆ ಆ್ಯಪ್ ಓಟಿಪಿ ಓದುತ್ತದೆ, ನಿಮ್ಮ ಸಿಮ್‌ನಿಂದ ಮೆಸೇಜ್ ಕಳಿಸಲೂ ಬಲ್ಲದು. ಪರದೆಯಿಂದ ತನ್ನ ಗುರುತನ್ನೇ ಅಳಿಸಿಕೊಳ್ಳುವುದೂ ಉಂಟು. "ಏನೂ ತೆರೀಲಿಲ್ಲ, ಬಿಟ್ಟೆ" ಅಂತ ಮೇಷ್ಟ್ರು ಸುಮ್ಮನಾಗಿದ್ದು ಅದಕ್ಕೇ.

ಬರೀ ಓಟಿಪಿಯಿಂದ ಖಾತೆ ಬರಿದಾಗಬೇಕಿರಲಿಲ್ಲ. ಮೇಷ್ಟ್ರ ಫೋನಿನಲ್ಲಿ ಮಗನಿಗೆ ಕಳಿಸಿದ್ದ ಡೆಬಿಟ್ ಕಾರ್ಡಿನ ಫೋಟೋ, ಎರಡೂ ಬದಿ, ಗ್ಯಾಲರಿಯಲ್ಲಿತ್ತು. ಮರೆತು ಹೋಗುತ್ತದೆ ಅಂತ ಪಿನ್ನನ್ನು 'ಎಟಿಎಂ' ಎಂಬ ಹೆಸರಲ್ಲಿ ಕಾಂಟ್ಯಾಕ್ಟಿನಲ್ಲಿ ಸೇವ್ ಮಾಡಿದ್ದರು. ಈ ಅಭ್ಯಾಸ ಮನೆಮನೆಯಲ್ಲಿದೆ. ಇವತ್ತೇ ಹುಡುಕಿ ಅಳಿಸಿ, ಗ್ಯಾಲರಿಯ ಕಸದ ಬುಟ್ಟಿಯಿಂದಲೂ ತೆಗೆಯಿರಿ.

ಹಿರಿಯರ ಕೈಗೆ ಫೋನ್ ಕೊಡುವ ಮೊದಲು ಅರ್ಧ ಗಂಟೆ ಕೂತರೆ ಸಾಕು. ವಾಟ್ಸಾಪ್ ಸೆಟ್ಟಿಂಗ್ಸ್, ಅಕೌಂಟ್, ಟೂ ಸ್ಟೆಪ್ ವೆರಿಫಿಕೇಶನ್: ಇಲ್ಲಿ 6 ಅಂಕಿಯ ಪಿನ್ ಇಡಿ, ಇಮೇಲ್ ಕೂಡ ಸೇರಿಸಿ. ಆಗ ಎಸ್‌ಎಂಎಸ್ ಕೋಡ್ ಕದ್ದರೂ ತಕ್ಷಣ ವಾಟ್ಸಾಪ್ ತೆರೆಯಲಾಗದು. ಪಿನ್ನಿಗೆ ಹುಟ್ಟಿದ ತಾರೀಖು ಬೇಡ, ಅದು ಫೇಸ್‌ಬುಕ್ಕಿನಲ್ಲಿ ಊರಿಗೆಲ್ಲ ಗೊತ್ತಿರುತ್ತದೆ. ಪ್ರೈವೆಸಿಯಲ್ಲಿ ಗ್ರೂಪ್ಸ್ ಅನ್ನು 'ಮೈ ಕಾಂಟ್ಯಾಕ್ಟ್ಸ್'ಗೆ ಇಟ್ಟರೆ ಕಂಡಕಂಡವರು ಗ್ರೂಪಿಗೆ ಎಳೆಯುವುದು ನಿಲ್ಲುತ್ತದೆ. ಫೋನ್ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಅಂತ ಹುಡುಕಿ ವಾಟ್ಸಾಪ್, ಕ್ರೋಮ್, ಫೈಲ್ಸ್ ಮೂರಕ್ಕೂ ಅನುಮತಿ ಆಫ್ ಇದೆಯಾ ನೋಡಿ. ಅಂಗಡಿ ಹುಡುಗರು ಏನಾದರೂ ಹಾಕಿಕೊಡುವಾಗ ಆನ್ ಮಾಡಿ ಹಾಗೇ ಬಿಟ್ಟಿರುತ್ತಾರೆ. ಪಿಂಚಣಿ, ಕೊಬ್ಬರಿ ದುಡ್ಡು ಬರುವ ದೊಡ್ಡ ಖಾತೆ ಒಂದು ಕಡೆ, ಫೋನ್‌ಪೇಗೆ ಜೋಡಿಸುವ ಐದಾರು ಸಾವಿರದ ಖಾತೆ ಇನ್ನೊಂದು ಕಡೆ ಇರಲಿ. ಆಗುವುದಾದರೆ ದೊಡ್ಡ ಖಾತೆಗೆ ಕೊಟ್ಟಿರುವ ಮೊಬೈಲ್ ನಂಬರಿನ ಸಿಮ್ ಕೀಪ್ಯಾಡ್ ಫೋನಿನಲ್ಲೇ ಇರಲಿ.

ಈಗಾಗಲೇ ಒತ್ತಿ ಹಾಕಿಕೊಂಡಿದ್ದರೆ ಡಿಲೀಟ್ ಮಾಡುತ್ತಾ ಕೂರಬೇಡಿ. ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಮಾಡಿ. ಸಿಮ್ ತೆಗೆದು ಬೇರೆ ಕೀಪ್ಯಾಡ್ ಫೋನಿಗೆ ಹಾಕಿ; ಜಿಯೋ ಆದರೆ 4ಜಿ ಕೀಪ್ಯಾಡೇ ಬೇಕು. ಕಾರ್ಡಿನ ಹಿಂದಿರುವ ಬ್ಯಾಂಕ್ ನಂಬರಿಗೆ ಕರೆ ಮಾಡಿ ಕಾರ್ಡ್, ನೆಟ್‌ಬ್ಯಾಂಕಿಂಗ್, ಯುಪಿಐ ಮೂರನ್ನೂ ಬ್ಲಾಕ್ ಮಾಡಿಸಿ, ದೂರಿನ ನಂಬರು ಮತ್ತು ವೇಳೆ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ತಿಳಿಸಿದ ನಂತರ ಹೋಗುವ ದುಡ್ಡಿನ ಹೊಣೆ ಬ್ಯಾಂಕಿನದು; ಆ ವೇಳೆಯೇ ನಿಮ್ಮ ಸಾಕ್ಷಿ.

ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಖಾತೆ ನಂಬರು, ಹೋದ ಮೊತ್ತ, ವೇಳೆ, ಯುಪಿಐ ಆದರೆ 12 ಅಂಕಿಯ ವ್ಯವಹಾರ ಸಂಖ್ಯೆ ಕೈಯಲ್ಲಿರಲಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಎಟಿಎಂನಲ್ಲಿ ತೆಗೆಯುವಷ್ಟರಲ್ಲಿ ತಡೆದರೆ ಉಂಟು, ಇಲ್ಲದಿದ್ದರೆ ಕಷ್ಟ. ಮೇಷ್ಟ್ರು "ಮಗ ಬೈತಾನೆ" ಅಂತ ಎರಡು ದಿನ ಬಾಯಿ ಬಿಡಲಿಲ್ಲ. ಆಮೇಲೆ ತುಮಕೂರಿನ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ ದೂರು ಬರೆಸಿದರು. ಅಷ್ಟರಲ್ಲಿ ದುಡ್ಡು ನಾಲ್ಕಾರು ಖಾತೆ ದಾಟಿತ್ತು.

ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡದೆ ಮತ್ತೆ ಬಳಸಬೇಡಿ. ಫೋಟೋಗಳನ್ನು ಮೊದಲೇ ತೆಗೆದಿಟ್ಟುಕೊಳ್ಳಿ, ಆ್ಯಪ್ ಮಾತ್ರ ಪ್ಲೇ ಸ್ಟೋರಿನಿಂದಲೇ ಹೊಸದಾಗಿ ಹಾಕಿ. ಆಮೇಲೆ ವಾಟ್ಸಾಪಿಗೆ ನಿಮ್ಮ ನಂಬರಿನಿಂದ ಲಾಗಿನ್ ಆದರೆ ಕಳ್ಳರು ತಾವಾಗಿಯೇ ಹೊರಬೀಳುತ್ತಾರೆ. ಅವರು ಪಿನ್ ಇಟ್ಟಿದ್ದರೆ ನೀವು ಒಳಗೆ ಹೋಗಲು 7 ದಿನ ಕಾಯಬೇಕು. ವಾಟ್ಸಾಪ್ ನಿಮ್ಮ ಕೈಗೆ ಮರಳುವವರೆಗೆ ನಿಮ್ಮ ಹೆಸರಲ್ಲಿ ಏನು ಬಂದರೂ ತೆರೆಯಬೇಡಿ ಅಂತ ನೆಂಟರಿಷ್ಟರಿಗೆ ಫೋನ್ ಮಾಡಿಯೇ ಹೇಳಿ. ಗ್ರೂಪ್ ಅಡ್ಮಿನ್‌ಗೂ ಹೇಳಿ. ಅವರು ಆ ಫೈಲನ್ನು ಒತ್ತಿ ಹಿಡಿದು ಎಲ್ಲರ ಫೋನಿನಿಂದ ಅಳಿಸಬಹುದು, ನಿಮ್ಮ ನಂಬರನ್ನು ಸದ್ಯಕ್ಕೆ ಗ್ರೂಪಿನಿಂದ ತೆಗೆಯಬಹುದು.