ಬಾಕ್ಸ್ ಹಿಲ್, ವಿನ್ನಟ್ಸ್, ಬಟರ್‌ಟಬ್ಸ್: ಇಂಗ್ಲೆಂಡಿನ ಮೂರು ಏರು, ಒಂದೇ ಸೈಕಲ್

ನಂದಿ ಬೆಟ್ಟ ಹತ್ತಿ ಅಭ್ಯಾಸ ಇರುವವರಿಗೆ ಇಂಗ್ಲೆಂಡಿನ ಬೆಟ್ಟಗಳ ಎತ್ತರ ಕೇಳಿದರೆ ಏನೂ ಅನಿಸುವುದಿಲ್ಲ. ನಂದಿಯ ನೆತ್ತಿ 1,478 ಮೀಟರ್. ಯಾರ್ಕ್‌ಶೈರ್‌ನ ಬಟರ್‌ಟಬ್ಸ್ ಪಾಸ್ 526 ಮೀಟರ್. ಲಂಡನ್ ಪಕ್ಕದ ಬಾಕ್ಸ್ ಹಿಲ್ ಅಂತೂ ಇನ್ನೂರು ಚಿಲ್ಲರೆ. ನಾನೂ ಹಾಗೇ ಅಂದುಕೊಂಡು ಇಲ್ಲಿಗೆ ಬಂದೆ. ಮೊದಲ ವರ್ಷವೇ ಆ ಲೆಕ್ಕ ತಪ್ಪು ಅಂತ ಮಂಡಿ ಹೇಳಿತು.

ನಮ್ಮ ಘಾಟಿ ರಸ್ತೆ ಲೋಡ್ ತುಂಬಿದ ಲಾರಿಯೂ ಹತ್ತಬೇಕು ಅಂತ ಬಳಸಿ ಬಳಸಿ ಹೋಗುತ್ತದೆ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು ಇರುವುದು ಅದಕ್ಕೇ. ಇಲ್ಲಿನ ಹಳ್ಳಿ ರಸ್ತೆಗಳು ಎಷ್ಟೋ ಕಡೆ ಹಳೇ ಕುದುರೆ ದಾರಿಯ ಮೇಲೇ ಟಾರು ಹಾಕಿದವು. ಬೆಟ್ಟ ಎದುರಾದರೆ ನೇರ ಮೇಲಕ್ಕೆ. ಏರು ಉದ್ದವಿಲ್ಲ, ಆದರೆ ಕಡಿದು. ಅದೂ ದಿನಕ್ಕೆ ಏಳೆಂಟು ಸಲ.

ಈ ಮೂರು ಸುತ್ತುಗಳನ್ನೂ ನಾನು ಒಂದೇ ಸೈಕಲ್‌ನಲ್ಲಿ, ಒಂದಕ್ಕಿಂತ ಹೆಚ್ಚು ಸಲ ಮಾಡಿದ್ದೇನೆ. ಜೊತೆಗೆ ತೀರ್ಥಹಳ್ಳಿ ಕಡೆಯ ಒಬ್ಬ ಗೆಳೆಯ. ಯಾವುದು ಮೇಲು ಅನ್ನುವುದರಲ್ಲಿ ನಮ್ಮಿಬ್ಬರಿಗೆ ಇವತ್ತಿಗೂ ಒಮ್ಮತವಿಲ್ಲ.

ಬಾಕ್ಸ್ ಹಿಲ್ ವಿಷಯ ಬೇಗ ಮುಗಿಸಬಹುದು. ಲಂಡನ್ ವಾಟರ್‌ಲೂನಲ್ಲಿ ರೈಲು ಹತ್ತಿದರೆ ಬಾಕ್ಸ್ ಹಿಲ್ ಆಂಡ್ ವೆಸ್ಟ್‌ಹಂಬಲ್ ಸ್ಟೇಷನ್, ಅಲ್ಲಿಂದ ಬೆಟ್ಟದ ಬುಡ ಕೂಗಳತೆ. ಜಿಗ್‌ಜ್ಯಾಗ್ ರಸ್ತೆ ಸುಮಾರು ಎರಡೂವರೆ ಕಿ.ಮೀ., ಸರಾಸರಿ ಏರು ಶೇ. 5ರ ಆಸುಪಾಸು. 2012ರ ಒಲಿಂಪಿಕ್ಸ್ ಸೈಕಲ್ ರೇಸ್‌ನಲ್ಲಿ ಗಂಡಸರು ಈ ಬೆಟ್ಟವನ್ನು ಒಂಬತ್ತು ಸುತ್ತು ಹಾಕಿದರು, ಹೆಂಗಸರು ಎರಡು ಸುತ್ತು. ರಸ್ತೆ ನುಣುಪು. ನಂದಿಯಲ್ಲಿ ಕಲಿತ ಲಯ ಹೆಚ್ಚುಕಡಿಮೆ ಹಾಗೇ ನಡೆಯುತ್ತದೆ. ಹೊಸಬರನ್ನು ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಜಾಗ ಲಂಡನ್ ಸುತ್ತ ನನಗೆ ಗೊತ್ತಿಲ್ಲ. ಆದರೆ ಭಾನುವಾರ ಜಾತ್ರೆ. ಅಲ್ಲಿಗೆ ನಿಲ್ಲಿಸದೆ ಲೀತ್ ಹಿಲ್ ಕಡೆಗೂ ಹೋಗಿ. ಮರಗಳ ನಡುವೆ ಹೂತು ಹೋದಂಥ ಕಿರಿದಾದ ರಸ್ತೆಗಳು, ಎರಡೂ ಬದಿ ಆಳೆತ್ತರದ ಮಣ್ಣಿನ ದಂಡೆ. ಈ ಸರ್ರೆ ಸೀಮೆಯ ಬೆಟ್ಟಗಳ ನಿಜವಾದ ರುಚಿ ಅಲ್ಲಿದೆ. ಅಕ್ಟೋಬರ್ ಆದ ಮೇಲೆ ಒದ್ದೆ ಎಲೆ ಮಾತ್ರ ಜೋಪಾನ.

ಈಗ ಪೀಕ್ ಡಿಸ್ಟ್ರಿಕ್ಟ್. 1951ರಲ್ಲಿ ಘೋಷಣೆಯಾದ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವೆ ಓಡುವ ರೈಲಿನಲ್ಲಿ ಹೋಪ್ ಸ್ಟೇಷನ್‌ನಲ್ಲಿ ಇಳಿಯಬೇಕು. ಕ್ಯಾಸಲ್ಟನ್, ವಿನ್ನಟ್ಸ್ ಪಾಸ್, ಮ್ಯಾಮ್ ಟಾರ್ ಬೆಟ್ಟದ ಪಕ್ಕದ ಕಣಿವೆಬಾಯಿ, ಈಡೇಲ್, ಮತ್ತೆ ಹೋಪ್. ಬರೀ ಇಪ್ಪತ್ತು ಚಿಲ್ಲರೆ ಕಿ.ಮೀ. ಕೇಳಿದರೆ ಬೆಳಗಿನ ತಿಂಡಿಗೆ ಮುಂಚೆ ಮುಗಿಸಬಹುದು ಅನಿಸುತ್ತದೆ.

ವಿನ್ನಟ್ಸ್ ಅಂದರೆ ಗಾಳಿಯ ಬಾಗಿಲು. ಎರಡೂ ಕಡೆ ಸುಣ್ಣಕಲ್ಲಿನ ಗೋಡೆ, ನಡುವೆ ಪಟ್ಟಿಯಂಥ ರಸ್ತೆ. ಕ್ಯಾಸಲ್ಟನ್ ದಾಟಿದ ಮೇಲೆ ಎದುರಿಗೆ ಪೂರ್ತಿ ಏರು ಒಟ್ಟಿಗೇ ಕಾಣುತ್ತದೆ. ಸರಾಸರಿ ಶೇ. 12ರ ಹತ್ತಿರ, ಕೆಟ್ಟ ಜಾಗದಲ್ಲಿ ಶೇ. 20. ಅಂದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಇಪ್ಪತ್ತು ಮೀಟರ್ ಮೇಲೆ. ಗೆಳೆಯ ಕೆಳಗೆ ನಿಂತು ನೋಡಿ, "ಎಂತ ಘಾಟಿ ಮಾರಾಯ ಇದು, ಒಂದು ತಿರುವಾದ್ರೂ ಬೇಡವಾ?" ಅಂದ.

ಮೊದಲ ಸಲ ನನ್ನ ಸೈಕಲ್‌ಗೆ ಮುಂದೆ 34 ಹಲ್ಲು, ಹಿಂದಿನ ದೊಡ್ಡ ಗೇರ್ 28 ಹಲ್ಲು. ಹಿಂದೆ ಹಲ್ಲು ಹೆಚ್ಚಿದಷ್ಟೂ ಏರಿನಲ್ಲಿ ತುಳಿಯುವುದು ಹಗುರ. ಒಂದು ಸೈಕಲ್ ಅಂಗಡಿಯಲ್ಲಿ ಇಷ್ಟು ಧಾರಾಳ ಸಾಕು ಅಂದಿದ್ದರು. ಸಾಕಾಗಲಿಲ್ಲ. ಅರ್ಧ ದಾಟುತ್ತಿದ್ದ ಹಾಗೆ ಪೆಡಲ್ ಒಂದೊಂದು ಸುತ್ತೂ ಒಂದೊಂದು ಕೆಲಸ ಆಯಿತು. ಎದ್ದು ನಿಂತು ತುಳಿದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರುತ್ತದೆ. ಕೂತು ತುಳಿದರೆ ಮುಂದಿನ ಚಕ್ರ ಹಗುರಾಗಿ ಅಡ್ಡಾಡುತ್ತದೆ. ಸೀಟಿನ ಮೂತಿಗೆ ಜರುಗಿ, ಎದೆ ತಗ್ಗಿಸಿ, ಮೊಣಕೈ ಮಡಚಿ ಕೂರುವುದೊಂದೇ ದಾರಿ. ಆಗ ನನಗೆ ಕಂಡಿದ್ದು ಮುಂದಿನ ಟೈರ್ ಮತ್ತು ಅದರ ಮುಂದಿನ ಎರಡು ಮೀಟರ್ ಟಾರು, ಅಷ್ಟೇ. ಮಳೆನೀರಿನ ಸಣ್ಣ ಗೆರೆ ಒಂದು ನನ್ನ ಎದುರಿಗೆ ಇಳಿದು ಬರುತ್ತಿತ್ತು, ನನಗಿಂತ ಜೋರಾಗಿ. ಗೋಡೆಯ ಮೇಲೆಲ್ಲೋ ಕುರಿ ಅರಚುತ್ತಿತ್ತು. ಹಿಂದೆ ಕಾರುಗಳ ಸಾಲು. ಕಾಲು ಕೆಳಗಿಟ್ಟೆ. ಅಲ್ಲಿಂದ ಮತ್ತೆ ಸೈಕಲ್ ಹತ್ತಿ ಹೊರಡಲು ಆಗುವುದೇ ಇಲ್ಲ, ತಳ್ಳಿಕೊಂಡೇ ಹೋದೆ. ದೊಡ್ಡ ಗೇರ್ 34 ಹಲ್ಲಿರುವ ಕ್ಯಾಸೆಟ್, ಅಂದರೆ ಹಿಂದಿನ ಗೇರುಗಳ ಗೊಂಚಲು, ಹಾಕಿಸಿಕೊಂಡ ಮೇಲೆ ಎರಡನೇ ಸಲ ಹತ್ತಿದೆ.

ಆ ಕಾರುಗಳ ಸಾಲಿಗೂ ಒಂದು ಕಾರಣ ಇದೆ. ವಿನ್ನಟ್ಸ್ ಅತಿಯಾಗಿ ಕಡಿದು ಅಂತಲೇ 19ನೇ ಶತಮಾನದ ಆರಂಭದಲ್ಲಿ ಮ್ಯಾಮ್ ಟಾರ್ ಬುಡದಲ್ಲಿ ಬಳಸಿ ಹೋಗುವ ರಸ್ತೆ ಮಾಡಿದ್ದರು. ಆದರೆ ಆ ಬೆಟ್ಟ ಜರಿಯುತ್ತಲೇ ಇರುತ್ತದೆ, ಅದಕ್ಕೆ ನಡುಗುವ ಬೆಟ್ಟ ಅಂತಲೇ ಹೆಸರು. ರಿಪೇರಿ ಮಾಡಿ ಮಾಡಿ ಸಾಕಾಗಿ 1979ರಲ್ಲಿ ರಸ್ತೆ ಮುಚ್ಚಿದರು. ಹಾಗಾಗಿ ವಾಹನಗಳೆಲ್ಲ ಮತ್ತೆ ವಿನ್ನಟ್ಸ್‌ಗೇ ಬಂದವು. ಬೆಳಿಗ್ಗೆ ಎಂಟರ ಒಳಗೆ ಹತ್ತಿ ಮುಗಿಸಿ ಅಂತ ನಾನು ಹೇಳುವುದು ಇದಕ್ಕೇ. ಹಳೇ ರಸ್ತೆಯನ್ನೂ ಒಮ್ಮೆ ನಡೆದು ನೋಡಿ. ಟಾರು ಪದರ ಪದರವಾಗಿ ಒಡೆದು ಮೆಟ್ಟಿಲಿನ ಹಾಗೆ ನಿಂತಿದೆ.

ಮೇಲಿಂದ ಈಡೇಲ್ ಕಡೆಗೆ ಇಳಿಯುವಾಗ ಮಾತ್ರ ಎದೆ ತುಂಬಿ ಬರುತ್ತದೆ. ಕಣಿವೆ ಬಾಯಿ ದಾಟಿದ್ದೇ ಎದುರಿಗೆ ಕಿಂಡರ್ ಸ್ಕೌಟ್ ಬೆಟ್ಟದ ಉದ್ದನೆಯ ಕಂದು ಗೋಡೆ, ಕೆಳಗೆ ಹಸಿರು ತೊಟ್ಟಿಲು. ಈ ಸುತ್ತನ್ನು ಉಲ್ಟಾ ಮಾಡಿದರೆ ಈಡೇಲ್ ಕಡೆಯಿಂದ ಹತ್ತಿ ವಿನ್ನಟ್ಸ್‌ನಲ್ಲಿ ಇಳಿಯಬೇಕು. ನಾನು ಒಮ್ಮೆ ಇಳಿದೆ, ಇನ್ನು ಇಳಿಯುವುದಿಲ್ಲ. ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟಿತು.

ಬಟರ್‌ಟಬ್ಸ್‌ಗೆ ಹೋಗುವುದೇ ಕಷ್ಟ. ಏರಿನ ಬುಡದ ಹಾವ್ಸ್ ಊರಿಗೆ ರೈಲಿಲ್ಲ. ಸೆಟ್ಲ್–ಕಾರ್ಲೈಲ್ ಮಾರ್ಗದ ಗಾರ್ಸ್‌ಡೇಲ್‌ನಲ್ಲಿ ಇಳಿದು ಹತ್ತು ಕಿ.ಮೀ. ತುಳಿಯಬೇಕು. ಆ ಹತ್ತು ಕಿ.ಮೀ. ಮೈ ಬೆಚ್ಚಗಾಗಲು ಸರಿಹೋಗುತ್ತದೆ. ದಾರಿಯಲ್ಲಿ ರೈಲು ರಿಬಲ್‌ಹೆಡ್‌ನ 24 ಕಮಾನಿನ ಸೇತುವೆ ದಾಟುತ್ತದೆ, ಕಿಟಕಿ ಪಕ್ಕ ಜಾಗ ಹಿಡಿಯಿರಿ.

2014ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಯಾರ್ಕ್‌ಶೈರ್‌ನಿಂದ ಶುರುವಾದಾಗ ಮೊದಲ ದಿನ ಇದೇ ಏರು ಹತ್ತಿತ್ತು. ಅವರ ಲೆಕ್ಕದಲ್ಲಿ 4.5 ಕಿ.ಮೀ., ಸರಾಸರಿ ಶೇ. 6.8. ಆದರೆ ಸರಾಸರಿ ನಂಬಬೇಡಿ. ಸೈಮನ್‌ಸ್ಟೋನ್ ಹಳ್ಳಿ ದಾಟುವಾಗ ಚೆನ್ನಾಗಿ ಕಡಿದು, ಆಮೇಲೆ ಬಯಲಿನಲ್ಲಿ ಉಸಿರು ತೆಗೆದುಕೊಳ್ಳಬಹುದು, ಕೊನೆಗೆ ಮತ್ತೆ ಕಡಿದು. ಆ ನಡುವಿನ ಬಿಡುವಿಗೇ ನಾನು ಮನಸೋತಿದ್ದು. ತಲೆ ಎತ್ತಬಹುದು. ಬೇಲಿಯಿಲ್ಲದ ಹುಲ್ಲುಗಾವಲು, ರಸ್ತೆ ಮೇಲೇ ಮಲಗಿದ ಕುರಿ, ಮೋಡದ ನೆರಳು ಬೆಟ್ಟ ದಾಟುವುದು, ಎಲ್ಲ ಕಾಣುತ್ತದೆ. ಕಾರು ಕಡಿಮೆ. ನೆತ್ತಿ ದಾಟಿದ ಕೂಡಲೇ ರಸ್ತೆ ಪಕ್ಕದಲ್ಲೇ ಸುಣ್ಣಕಲ್ಲಿನ ಆಳವಾದ ಗುಂಡಿಗಳಿವೆ. ಸಂತೆಗೆ ಹೋಗುವ ರೈತರು ದಣಿವಾರಿಸಿಕೊಳ್ಳುವಾಗ ಬೆಣ್ಣೆ ಕರಗದ ಹಾಗೆ ಇದರೊಳಗೆ ಇಳಿಬಿಡುತ್ತಿದ್ದರಂತೆ, ಬಟರ್‌ಟಬ್ಸ್ ಹೆಸರು ಅದರಿಂದ. ನಾವು ಬಗ್ಗಿ ಕೈ ಚಾಚಿದೆವು. ಜುಲೈ ತಿಂಗಳಲ್ಲೂ ತಣ್ಣಗೆ ಗಾಳಿ ತಾಗಿತು.

ಅಲ್ಲಿಂದ ಸ್ವೇಲ್‌ಡೇಲ್ ಕಣಿವೆಗೆ ಇಳಿದು, ಮ್ಯೂಕರ್, ಗನ್ನರ್‌ಸೈಡ್, ರೀತ್ ದಾಟಿ, ಗ್ರಿಂಟನ್ ಹತ್ತಿ, ಆಸ್ಕ್ರಿಗ್ ಮೇಲೆ ಹಾವ್ಸ್‌ಗೆ ವಾಪಸ್. ಸುಮಾರು 70 ಕಿ.ಮೀ. ಗ್ರಿಂಟನ್ ಏರಿನಲ್ಲಿ ಎದುರುಗಾಳಿ ಬಿದ್ದರೆ ಬಟರ್‌ಟಬ್ಸ್‌ಗಿಂತ ಜಾಸ್ತಿ ಸುಸ್ತು. ಯಾರ್ಕ್‌ಶೈರ್‌ನಲ್ಲಿ ನಡೆದ 2019ರ ಸೈಕ್ಲಿಂಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗಂಡಸರ ರೇಸ್ ದಿನ ಮಳೆ ಎಷ್ಟಿತ್ತೆಂದರೆ ಈ ಎರಡೂ ಏರುಗಳನ್ನು ಕೈಬಿಟ್ಟು ದಾರಿ ಮೊಟಕು ಮಾಡಿದರು. ವೃತ್ತಿಪರರಿಗೇ ಹಾಗಾದರೆ ನಾವು ಹವಾಮಾನ ನೋಡಿಯೇ ಹೊರಡಬೇಕು, ಅಲ್ವಾ? ಬೇಸಿಗೆಯಲ್ಲೂ ಜೇಬಿನಲ್ಲಿ ತೆಳು ಜಾಕೆಟ್ ಇರಲಿ. ದನ, ಕುರಿ ದಾಟದ ಹಾಗೆ ರಸ್ತೆಗೆ ಅಡ್ಡ ಹಾಕಿದ ಕಬ್ಬಿಣದ ಕಂಬಿಗಳ ಮೇಲೆ ಹ್ಯಾಂಡಲ್ ತಿರುಗಿಸದೆ ನೇರ ಹೋಗಿ.

ಹೊರಡುವ ಮುಂಚೆ ಇಲ್ಲಿನ ಸರ್ಕಾರಿ ನಕ್ಷೆ, ಅಂದರೆ ಆರ್ಡ್‌ನೆನ್ಸ್ ಸರ್ವೆ ನಕ್ಷೆ, ನೋಡುವುದು ನನ್ನ ರೂಢಿ. ರಸ್ತೆ ಮೇಲೆ ಒಂದು ಬಾಣದ ಗುರುತಿದ್ದರೆ ಏರು ಶೇ. 14ರಿಂದ 20, ಎರಡಿದ್ದರೆ ಶೇ. 20ಕ್ಕೂ ಮೇಲೆ. ಬಾಣದ ಮೂತಿ ಇಳಿಜಾರಿನ ಕಡೆಗೆ ಇರುತ್ತದೆ. ಇದನ್ನು ಉಲ್ಟಾ ಓದಿ ಒಂದು ದಿನ ಹಾಳು ಮಾಡಿಕೊಂಡವರಿದ್ದಾರೆ.

ನನ್ನ ಓಟು ಬಟರ್‌ಟಬ್ಸ್‌ಗೆ. ದೂರವಾದರೂ, ರೈಲು ತೊಂದರೆಯಾದರೂ ಅದಕ್ಕೇ. ವಿನ್ನಟ್ಸ್ ವರ್ಷಕ್ಕೊಂದು ಸಲ ಹತ್ತಲೇಬೇಕಾದ ಏರು, ಪ್ರತಿ ತಿಂಗಳು ಹೋಗುವ ಜಾಗವಲ್ಲ. ಗೆಳೆಯ ಒಪ್ಪುವುದಿಲ್ಲ. ಅವನಿಗೆ ಅರ್ಧ ದಿನದಲ್ಲಿ ಮುಗಿಯುವ ಈಡೇಲ್ ಸುತ್ತೇ ಸರಿ. ಹೋದ ಸಲ ಹಾವ್ಸ್‌ನಲ್ಲಿ ಫ್ರೂಟ್ ಕೇಕ್ ಜೊತೆ ವೆನ್ಸ್ಲಿಡೇಲ್ ಚೀಸ್ ತಿನ್ನುತ್ತಾ ಇದೇ ವಾದ ನಡೆಯಿತು. ಅವನು ಜೇಬಿನಲ್ಲಿ ಉಳಿದಿದ್ದ ಎಳ್ಳುಂಡೆ ತೆಗೆದು ನನಗೊಂದು ಕೊಟ್ಟ, ಗಾರ್ಸ್‌ಡೇಲ್ ರೈಲಿಗೆ ಇನ್ನು ಐವತ್ತು ನಿಮಿಷ ಇತ್ತು, ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಹೊರಟೆವು.